ನೀವೂ ಕರೀಲಿಲ್ಲ

ಮಂಗಳವಾರ ಬೆಳಿಗ್ಗೆ ತರಕಾರಿ ಗಾಡಿಯ ಮುಂದೆ ನಿಂತು ಸಿಹಿಗುಂಬಳ ಆರಿಸುತ್ತಿದ್ದೆ. ಕಲೆ ಇರಬಾರದು, ತೊಟ್ಟು ಮುರಿದಿರಬಾರದು. ಎದುರುಮನೆ ಅಕ್ಕ ಪಕ್ಕದಲ್ಲೇ ಇದ್ದರು.

"ಇಷ್ಟು ದೊಡ್ಡದು ಯಾಕೆ ಟೀಚರೇ? ಮನೇಲಿ ಇರೋದು ಇಬ್ರು."

"ಭಾನುವಾರ ನಮ್ಮ ಚರ್ಚಲ್ಲಿ ಸುಗ್ಗಿ ಹಬ್ಬ ಅಕ್ಕ. ಅದಕ್ಕೆ."

ಮಾತು ಅಲ್ಲಿಗೆ ಮುಗೀತು ಅಂದುಕೊಂಡೆ. ಅವರು ದಂಟಿನ ಸೊಪ್ಪಿನ ಕಟ್ಟನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ, ನನ್ನ ಮುಖ ನೋಡದೆ ಹೇಳಿದರು: "ಅವರು ಹೋದಮೇಲೆ ನನ್ನ ಯಾರೂ ಯಾವುದಕ್ಕೂ ಕರೆಯಲ್ಲ ಬಿಡಿ. ನೀವೂ ಕರೀಲಿಲ್ಲ."

ಅವರ ದನಿಯಲ್ಲಿ ಸಿಟ್ಟು ಇರಲಿಲ್ಲ. ಸೊಪ್ಪಿನ ಬೆಲೆ ಹೇಳುವ ಹಾಗೆ ಹೇಳಿದರು. 'ನೀವು' ಅಂದಿದ್ದರೆ ಒಂದು ಮಾತು. 'ನೀವೂ' ಅಂದರು. ಉಳಿದವರ ಸಾಲಿನಲ್ಲಿ ನನ್ನನ್ನೂ ನಿಲ್ಲಿಸಿದರು. ನಾನು ಇಷ್ಟು ದಿನ ಆ ಸಾಲಿನಲ್ಲಿ ಇರಲಿಲ್ಲ ಅಂತ ಅವರು ನಂಬಿದ್ದರು ಅನ್ನೋದೂ ಅದರಲ್ಲೇ ಇತ್ತು.

ಏನು ಹೇಳಬೇಕೋ ತೋಚದೆ, "ನೀವು ಫಿಲೋಮಿನಾ ಚರ್ಚಿಗೆ ಹೋಗ್ತಾ ಇರ್ತೀರಲ್ಲ ಅಕ್ಕ" ಅಂದುಬಿಟ್ಟೆ.

"ಅಲ್ಲಿಗೆ ಹೋಗೋಕೆ ಯಾರೂ ಕರೀಬೇಕಾಗಿಲ್ಲ. ಹೋಗ್ತೀನಿ, ಮೇಣದಬತ್ತಿ ಹಚ್ತೀನಿ, ಬರ್ತೀನಿ. ನಿಮ್ದು ಮನೆ ಇದ್ದ ಹಾಗೆ. ಕರೀದೆ ಹೆಂಗೆ ಬರೋದು?"

ಸರಿಯಾಗೇ ಹೇಳಿದರು. ಫಿಲೋಮಿನಾ ಅಂದರೆ 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲು ಹಾಕಿದ ಚರ್ಚು. ಮೈಸೂರಿನವರೆಲ್ಲ ಅದನ್ನು ನಮ್ಮದು ಅಂದುಕೊಳ್ಳುತ್ತಾರೆ. ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯದು ಚಿಕ್ಕ ಕಟ್ಟಡ. ಕಾಂಪೌಂಡಿನ ಗೇಟು ವಾರದಲ್ಲಿ ಆರು ದಿನ ಮುಚ್ಚೇ ಇರುತ್ತದೆ. ಒಳಗಿರುವವರೆಲ್ಲ ಅಜ್ಜಿ ತಾತನ ಕಾಲದಿಂದ ಒಬ್ಬರಿಗೊಬ್ಬರು ಗೊತ್ತಿರುವವರು. ಅಂಥ ಕಡೆ ಹೊಸಬರು ತಾವಾಗೇ ಕಾಲಿಡೋದು ಕಷ್ಟ.

ಹನ್ನೊಂದು ವರ್ಷದಿಂದ ನಾವು ಎದುರುಬದುರು ಇದ್ದೇವೆ. ತಮ್ಮ ಯಜಮಾನರು ಇರುವ ತನಕ ಪ್ರತಿ ಗೌರಿ ಹಬ್ಬಕ್ಕೆ ಅಕ್ಕ ಕುಂಕುಮದ ಭರಣಿ ಹಿಡಿದು ಬೀದಿಯ ಮನೆಮನೆಗೂ ಹೋಗುತ್ತಿದ್ದರು. ನಮ್ಮ ಮನೆ ಬಾಗಿಲಿಗೂ ಬಂದು "ಸಂಜೆ ಅರಿಶಿನ ಕುಂಕುಮಕ್ಕೆ ಬರಬೇಕು" ಅನ್ನುತ್ತಿದ್ದರು. ನಾನು ಕುಂಕುಮ ಇಡಲ್ಲ ಅಂತ ಅವರಿಗೆ ಗೊತ್ತು. ಸಂಜೆ ಹೋದರೆ ಹೂವು, ತೆಂಗಿನಕಾಯಿ, ಎಲೆ ಅಡಿಕೆ ಕೈಗಿಡುತ್ತಿದ್ದರು. ಭರಣಿ ಮಾತ್ರ ಸದ್ದಿಲ್ಲದೆ ಪಕ್ಕಕ್ಕೆ ಸರಿಯುತ್ತಿತ್ತು. ಒಂದು ವರ್ಷವೂ "ಯಾಕೆ" ಅಂತ ಕೇಳಲಿಲ್ಲ. ಕರೆಯೋದು ಹೇಗೆ ಅಂತ ಆ ಮನೆಯಿಂದ ಕಲಿಯಬೇಕು. ಕ್ರಿಸ್ಮಸ್ಸಿಗೆ ನಾನು ಕಜ್ಜಾಯ, ಚಕ್ಕುಲಿ ಕಳಿಸಿದರೆ ತಟ್ಟೆ ಸಕ್ಕರೆ ತುಂಬಿಕೊಂಡು ವಾಪಸ್ ಬರುತ್ತಿತ್ತು. ತಟ್ಟೆ ಹೋಗಿ ಬರುತ್ತಿತ್ತು. ನಾನು ಚರ್ಚಿಗೆ ಬನ್ನಿ ಅಂತ ಮಾತ್ರ ಬಾಯಿ ಬಿಡಲಿಲ್ಲ.

ಎರಡೂವರೆ ವರ್ಷದ ಹಿಂದೆ ಯಜಮಾನರು ತೀರಿಕೊಂಡರು. ಆಮೇಲಿನ ಗೌರಿ ಹಬ್ಬದಲ್ಲಿ ಭರಣಿ ಹಿಡಿದ ಹೆಂಗಸರು ಅಕ್ಕನ ಗೇಟು ದಾಟಿ ಮುಂದಿನ ಮನೆಗೆ ಹೋದದ್ದನ್ನು ನಾನು ಕಿಟಕಿಯಿಂದ ನೋಡಿದೆ. ಅವರೆಲ್ಲ ಒಳ್ಳೆಯವರೇ. ಪದ್ಧತಿ ಅಂತ ಹೋದರು, ಅಷ್ಟೇ. ನಮ್ಮಲ್ಲೂ ಮದುವೆ ಶಾಸ್ತ್ರದ ಹೊತ್ತಿಗೆ ವಿಧವೆಯರನ್ನು ಹಿಂದಕ್ಕೆ ಸರಿಸುವ ಮನೆಗಳಿವೆ. ಹಾಗೆ ಮಾಡಿ ಅಂತ ಬೈಬಲ್ಲಿನಲ್ಲಿ ಎಲ್ಲೂ ಹೇಳಿಲ್ಲ. ಆದರೂ ನಡೆಯುತ್ತದೆ. ಅದಕ್ಕೇ ಆ ಹೆಂಗಸರನ್ನು ಬಯ್ಯೋಕೆ ನನಗೆ ಬಾಯಿ ಬರಲ್ಲ.

ನಾನು ಯಾಕೆ ಕರೀಲಿಲ್ಲ? ಹೆದರಿಕೆ ಒಂದು ಕಾರಣ. 2022ರಲ್ಲಿ ರಾಜ್ಯದಲ್ಲಿ ಮತಾಂತರ ತಡೆಯುವ ಕಾಯ್ದೆ ಬಂತು. ಉಡುಗೊರೆ ಕೊಡೋದನ್ನೂ ಅದರಲ್ಲಿ ಆಮಿಷದ ಪಟ್ಟಿಗೆ ಸೇರಿಸಿದ್ದರು. ಆ ಡಿಸೆಂಬರಿನಲ್ಲಿ ಕಜ್ಜಾಯದ ತಟ್ಟೆ ಹಿಡಿದು ರಸ್ತೆ ದಾಟುವಾಗ ಯಾರಾದರೂ ನೋಡುತ್ತಿದ್ದಾರಾ ಅಂತ ನಾನು ಆಚೆ ಈಚೆ ನೋಡಿದ್ದೇನೆ. 2023ರಲ್ಲಿ ಸಚಿವ ಸಂಪುಟ ಅದನ್ನು ವಾಪಸ್ ಪಡೆಯುವ ತೀರ್ಮಾನ ಮಾಡಿತು. ಸಂವಿಧಾನದ 25ನೇ ವಿಧಿ ನಮ್ಮ ನಂಬಿಕೆಯನ್ನು ಆಚರಿಸೋಕೆ ಮಾತ್ರ ಅಲ್ಲ, ಪ್ರಚಾರ ಮಾಡೋಕೂ ಹಕ್ಕು ಕೊಟ್ಟಿದೆ. ಇದನ್ನು ಮಕ್ಕಳಿಗೆ ನಾನೇ ಪಾಠ ಮಾಡಿದ್ದೇನೆ. ಆದರೆ ಒಮ್ಮೆ ಹೊಕ್ಕ ಹೆದರಿಕೆ ಪುಸ್ತಕದ ಮಾತು ಕೇಳಲ್ಲ.

ಇನ್ನೊಂದು ಕಾರಣ ಇದೆ. ಅದನ್ನು ಯಾರ ಹತ್ತಿರವೂ ಹೇಳಿರಲಿಲ್ಲ. ಯಜಮಾನರು ಐಸಿಯುನಲ್ಲಿದ್ದ ಕೊನೆಯ ರಾತ್ರಿ ಅಕ್ಕನ ಜೊತೆ ಹೊರಗೆ ಬೆಂಚಿನಲ್ಲಿ ನಾನೇ ಕೂತಿದ್ದೆ. ನನ್ನ ಅಮ್ಮ ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವಳು. 1906ರಲ್ಲಿ ಶುರುವಾದ ಆಸ್ಪತ್ರೆ ಅದು. "ನಿಮಗೋಸ್ಕರ ಪ್ರಾರ್ಥನೆ ಮಾಡ್ಲಾ?" ಅಂತ ಅವಳು ರೋಗಿಗಳನ್ನು ಕೇಳುತ್ತಿದ್ದಳು. ಬೇಡ ಅಂದರೆ ಹೊದಿಕೆ ಸರಿಮಾಡಿ ಮುಂದಿನ ಮಂಚಕ್ಕೆ ಹೋಗುತ್ತಿದ್ದಳು. ನಾನೂ ಆ ರಾತ್ರಿ ಅದನ್ನೇ ಕೇಳಿದೆ. ಅಕ್ಕ ತಲೆಯಾಡಿಸಿದರು. ಅವರ ಕೈ ಹಿಡಿದುಕೊಂಡು ಪ್ರಾರ್ಥಿಸಿದೆ. ಉಳಿಸು ಅಂತ ಬೇಡಿಕೊಂಡೆ. ಬೆಳಗಿನ ನಾಲ್ಕು ಗಂಟೆಗೆ ಅವರು ಹೋದರು.

ಅವತ್ತಿನಿಂದ ಅಕ್ಕನ ಮುಂದೆ ದೇವರ ಹೆಸರು ಎತ್ತೋಕೆ ನನಗೆ ಧೈರ್ಯ ಬರಲಿಲ್ಲ.

ಮಂಗಳವಾರ ಸಂಜೆ ಒಂದು ತಟ್ಟೆಯಲ್ಲಿ ಬಾಳೆಹಣ್ಣು, ಒಂದು ಮೊಳ ಮಲ್ಲಿಗೆ ಇಟ್ಟುಕೊಂಡು ರಸ್ತೆ ದಾಟಿದೆ. ಈ ಸಲ ಆಚೆ ಈಚೆ ನೋಡಲಿಲ್ಲ. ಬಾಗಿಲಲ್ಲಿ ನಿಂತು, "ಭಾನುವಾರ ಒಂಬತ್ತು ಗಂಟೆಗೆ ನಮ್ಮ ಸುಗ್ಗಿ ಹಬ್ಬ. ನೀವು ಬರಬೇಕು ಅಕ್ಕ" ಅಂದೆ. ಅವರು ಮಲ್ಲಿಗೆಯನ್ನು ಮುಡಿಯಲಿಲ್ಲ. ಎರಡೂ ಕೈಯಲ್ಲಿ ಹಿಡಿದುಕೊಂಡು ಸುಮ್ನೆ ನಿಂತಿದ್ದರು. ನನಗೂ ಒಳಗೆ ಹೋಗಿ ಕೂರೋಕೆ ಆಗಲಿಲ್ಲ.

ಭಾನುವಾರ ಬಂದರು. ತಮ್ಮ ಹಿತ್ತಲಿನ ಕರಿಬೇವು, ನಾಲ್ಕು ನಿಂಬೆಹಣ್ಣು ಬುಟ್ಟಿಯಲ್ಲಿ ತಂದಿದ್ದರು. ಬಾಗಿಲ ಹೊರಗೇ ಚಪ್ಪಲಿ ಬಿಟ್ಟರು. ಅವರನ್ನು ನೋಡಿ ನಾನೂ ಬಿಟ್ಟೆ. ಮುಂದುಗಡೆ ಕಬ್ಬು, ಬಾಳೆಗೊನೆ, ಭತ್ತದ ತೆನೆ, ತೆಂಗಿನಕಾಯಿ ರಾಶಿ ಇತ್ತು. "ಇದನ್ನೆಲ್ಲಿ ಇಡ್ಲಿ?" ಅಂತ ಕೇಳಿದರು. ಪಾದ್ರಿ ಅಯ್ಯನವರೇ ಕೆಳಗಿಳಿದು ಬಂದು ಬುಟ್ಟಿ ತಗೊಂಡು ರಾಶಿಯ ಮಧ್ಯೆ ಇಟ್ಟರು. ಅವರು ಪ್ರಸಂಗದಲ್ಲಿ ಏನು ಹೇಳಿದರೋ ನನಗೆ ನೆನಪಿಲ್ಲ. ಬುಟ್ಟಿ ತಗೊಂಡ ರೀತಿ ನೆನಪಿದೆ.

ಆರಾಧನೆ ಮುಗಿದ ಮೇಲೆ ಹರಾಜು. ನಮ್ಮ ಸುಗ್ಗಿ ಹಬ್ಬದಲ್ಲಿ ಒಂದು ನಿಂಬೆಹಣ್ಣನ್ನೂ ಕೂಗಿ ಕೂಗಿ ನೂರಾರು ರೂಪಾಯಿಗೆ ಏರಿಸುತ್ತಾರೆ. ಕೊಂಡವರು ಅದನ್ನೇ ಮತ್ತೆ ಹರಾಜಿಗೆ ಕೊಡುತ್ತಾರೆ. ನನ್ನ ಸಿಹಿಗುಂಬಳ ಬಂದಾಗ ಅಕ್ಕ ಕೈ ಎತ್ತಿ "ಮುನ್ನೂರು" ಅಂದರು. ತರಕಾರಿ ಗಾಡಿಯವನ ಹತ್ತಿರ ಐದು ರೂಪಾಯಿಗೆ ಚೌಕಾಸಿ ಮಾಡುವವರು. ಮುಖ ಅರಳಿತ್ತು. ಎರಡೂವರೆ ವರ್ಷದಲ್ಲಿ ಅವರನ್ನು ಹಾಗೆ ನೋಡಿರಲಿಲ್ಲ.

ಅಷ್ಟರಲ್ಲಿ ಕಮಿಟಿಯ ಹಿರಿಯರೊಬ್ಬರು ನನ್ನ ಕಿವಿಯಲ್ಲಿ ಕೇಳಿದರು: "ಇವರು ಸಭೆಗೆ ಸೇರ್ತಾರಾ?" ದೇವರ ಕೆಲಸದಲ್ಲಿ ಅವರಿಗೆ ಇರುವ ಹುರುಪು ಜಾಸ್ತಿ, ನನಗೆ ಗೊತ್ತು. ಆದರೂ ಆ ಮಾತು ಚುಚ್ಚಿತು. ಬಂದವರು ಇನ್ನೂ ಕಾಫಿ ಕುಡಿದಿಲ್ಲ, ಆಗಲೇ ಲೆಕ್ಕ. ರಾತ್ರಿ ಬೆಂಗಳೂರಿನಿಂದ ಅಕ್ಕನ ಮಗ ಫೋನ್ ಮಾಡಿದ. "ಅಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗಿದ್ರಿ ಆಂಟಿ?" ದನಿ ತಣ್ಣಗಿತ್ತು. ಇಬ್ಬರೂ ಕೇಳಿದ್ದು ಒಂದೇ ಪ್ರಶ್ನೆ ಅಂತ ಈಗ ಅನಿಸುತ್ತದೆ. ಅಕ್ಕ ಯಾರ ಪಾಲು ಅಂತ. ಅವರಿಗೆ ಏನು ಬೇಕು ಅಂತ ಇಬ್ಬರೂ ಕೇಳಲಿಲ್ಲ. ಮಗನಿಗೆ, "ಹಬ್ಬಕ್ಕೆ ಕರೆದಿದ್ದೆ ಕಣಪ್ಪ. ನಿಮ್ಮಮ್ಮ ನನ್ನನ್ನ ಎಷ್ಟೋ ವರ್ಷ ಕರೆದಿದ್ದಾರೆ. ಇನ್ನೇನಾದ್ರೂ ಕೇಳಬೇಕು ಅನ್ಸಿದ್ರೆ ಅವರನ್ನೇ ಕೇಳು" ಅಂದೆ.

ಚರ್ಚಿಂದ ನಡೆದುಕೊಂಡು ಬರುವಾಗಲೇ ಅಕ್ಕ ನನ್ನನ್ನು ಕೇಳಿದ್ದರು: "ಅವತ್ತು ಆಸ್ಪತ್ರೆಲಿ ನೀವು ಪಕ್ಕದಲ್ಲಿ ಕೂತಿರೋರ ಹತ್ರ ಮಾತಾಡೋ ಹಂಗೆ ಮಾತಾಡಿದ್ರಲ್ಲ. ಯಾರಾದ್ರೂ ಕೇಳಿಸ್ಕೊಂಡ್ರಾ?"

ನಡುರಸ್ತೆಯಲ್ಲೇ ನಿಂತೆ. ಸುಳ್ಳು ಹೇಳಬಾರದು ಅನಿಸಿತು. "ಕೇಳಿಸ್ಕೊಂಡ್ರು ಅಂತ ನಂಬ್ತೀನಿ ಅಕ್ಕ. ಯಾಕೆ ಉಳಿಸಲಿಲ್ಲ ಅಂತ ನನಗೆ ಗೊತ್ತಿಲ್ಲ. ನಾನು ನಂಬೋ ಯೇಸು ತನ್ನ ಗೆಳೆಯ ಸತ್ತಾಗ ಸಮಾಧಿ ಹತ್ರ ಹೋಗಿ ಅತ್ತೋರು. ಅವತ್ತು ರಾತ್ರಿ ನಮ್ಮ ಜೊತೆ ಬೆಂಚಲ್ಲಿ ಕೂತು ಅತ್ತಿರ್ತಾರೆ ಅಂತ ನನಗೆ ಅನ್ಸುತ್ತೆ" ಅಂದೆ. ಅಕ್ಕ ಕುಂಬಳಕಾಯಿಯನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಾಯಿಸಿಕೊಂಡರು. "ದೇವರೂ ಅಳ್ತಾರಾ?" ಅಂದರು. ಸ್ವಲ್ಪ ದೂರ ಮಾತಿಲ್ಲದೆ ನಡೆದೆವು. "ಆ ಕಥೆ ಪೂರ್ತಿ ಹೇಳಿ ಇನ್ನೊಂದಿನ" ಅಂದರು.

ನಿನ್ನೆ ಸಂಜೆ ಆ ಕುಂಬಳಕಾಯಿಯ ಹುಳಿ ಮಾಡಿ ಡಬ್ಬಿಯಲ್ಲಿ ಕೊಟ್ಟು ಹೋದರು. ಡಬ್ಬಿ ತೊಳೆದು ಇಟ್ಟಿದ್ದೇನೆ. ಖಾಲಿ ಕೊಡುವ ಹಾಗಿಲ್ಲ. ಇವತ್ತು ಸ್ಕೂಲಿಂದ ಬಂದಮೇಲೆ ಕಜ್ಜಾಯಕ್ಕೆ ಅಕ್ಕಿ ನೆನೆಸಬೇಕು.