ಇಇಜಿಗೆ ಹೋಗುವ ಮುಂಚೆ ತಲೆಗೆ ಎಣ್ಣೆ ಬೇಡ

ಫಿಟ್ಸ್ ಇರುವವರಿಗೆ ಡಾಕ್ಟರು ಇಇಜಿ (ಮಿದುಳಿನ ವಿದ್ಯುತ್ ಅಲೆಗಳನ್ನು ಗೆರೆಗಳಾಗಿ ದಾಖಲಿಸುವ ಪರೀಕ್ಷೆ) ಬರೆದುಕೊಟ್ಟರೆ ಮೊದಲ ಕೆಲಸ ತಲೆಸ್ನಾನ. ನಮ್ಮ ಕಡೆ ಕೊಬ್ಬರಿ ಎಣ್ಣೆ ಕಾಣದ ತಲೆ ಕಡಿಮೆ. ಜಿಡ್ಡು ಉಳಿದರೆ ಅಲೆ ಹಿಡಿಯಲು ತಲೆಗೆ ಅಂಟಿಸುವ ಎಲೆಕ್ಟ್ರೋಡ್ ಸರಿಯಾಗಿ ಕೂರುವುದಿಲ್ಲ, ಚರ್ಮಕ್ಕೂ ಅದಕ್ಕೂ ನಡುವಿನ ವಿದ್ಯುತ್ ರೋಧ 5 ಕಿಲೋ ಓಮ್ ಮಿತಿ ದಾಟುತ್ತದೆ, ಕರೆಂಟಿನ 50 ಹರ್ಟ್ಸ್ ಗದ್ದಲ ಗೆರೆಗಳೊಳಗೆ ನುಗ್ಗುತ್ತದೆ. ಹಿಂದಿನ ರಾತ್ರಿಯೇ ಶಾಂಪೂ ಹಾಕಿ ತೊಳೆಯಿರಿ, ಕಂಡೀಷನರ್ ಬೇಡ. ಕಾರವಾರ, ಕುಮಟೆಯ ಸೆಕೆಯದ್ದು ಬೇರೆಯೇ ಕಾಟ: ಹಣೆ ಬೆವೆತರೆ ಗೆರೆ ನಿಧಾನಕ್ಕೆ ಏರಿಳಿಯುತ್ತದೆ, ಪಳಗದ ಕಣ್ಣಿಗೆ ಮಿದುಳಿನದೇ ನಿಧಾನದ ಡೆಲ್ಟಾ ಅಲೆಯಂತೆಯೇ ಕಾಣುತ್ತದೆ. ಕೋಣೆ ತಂಪಾಗಿರಲಿ.

ನಿದ್ದೆಗೆಟ್ಟು ಬರಲು ಹೇಳಿದ್ದರೆ ಶಿರಸಿ–ಹುಬ್ಬಳ್ಳಿ ಬಸ್ಸಿನಲ್ಲಿ ತೂಕಡಿಸಬೇಡಿ, ಜಾಗರಣೆ ದಂಡವಾದೀತು. ಮಾತ್ರೆಯನ್ನಂತೂ ಡಾಕ್ಟರು ಹೇಳದೆ ನಿಲ್ಲಿಸಲೇಬಾರದು.

ಎಚ್ಚರವಿದ್ದು ಕಣ್ಣು ಮುಚ್ಚಿದ ದೊಡ್ಡವರಲ್ಲಿ ತಲೆಯ ಹಿಂಭಾಗದಲ್ಲಿ 8ರಿಂದ 13 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಸಲ) ಆಲ್ಫಾ ಅಲೆ ಕಾಣಬೇಕು. ಅದು 8ಕ್ಕಿಂತ ಕೆಳಗಿಳಿದಿದ್ದು, ಲೆಕ್ಕ, ನೆನಪು ಎರಡೂ ಮಂದವಾಗಿದ್ದರೆ ಔಷಧದ ಪ್ರಮಾಣವನ್ನೂ ನೋಡಬೇಕು. ಫಿಟ್ಸ್ ಮಾತ್ರೆಗಳಲ್ಲಿ ಫಿನೋಬಾರ್ಬಿಟೋನ್ ಮಂಕು ಕವಿಸುತ್ತದೆ. ಟೋಪಿರಮೇಟ್‌ನಿಂದ ಕೆಲವರಿಗೆ ಗೊತ್ತಿರುವ ಪದವೇ ಬಾಯಿಗೆ ಬರುವುದಿಲ್ಲ. ಎಲ್ಲ ಮರೆವನ್ನೂ ರೋಗದ ತಲೆಗೆ ಕಟ್ಟುವುದು ಸರಿಯಲ್ಲ.

ಮಕ್ಕಳಲ್ಲಿ ಆಬ್ಸೆನ್ಸ್ ಫಿಟ್ಸ್ (ಕೆಲವು ಸೆಕೆಂಡು ಅರಿವು ತಪ್ಪುವ ಬಗೆ) ಸುಲಭವಾಗಿ ಕಣ್ತಪ್ಪಿಹೋಗುತ್ತದೆ. ಮಗ್ಗಿ ಹೇಳುತ್ತಿದ್ದ ಮಗು ಹತ್ತು ಸೆಕೆಂಡು ನಿಂತು, ರೆಪ್ಪೆ ಪಟಪಟಿಸಿ, ಮತ್ತೆ ಮುಂದುವರಿಸುತ್ತದೆ. ಮಾಸ್ತರರು ‘ಲಕ್ಷ್ಯ ಇಲ್ಲ’ ಅಂತಾರೆ. 3 ನಿಮಿಷ ಜೋರಾಗಿ ಉಸಿರಾಡಿಸಿದರೆ ಇಇಜಿಯಲ್ಲಿ ಸೆಕೆಂಡಿಗೆ 3ರಂತೆ ಮೊನೆ-ಅಲೆಗಳ (ಚೂಪು ಮೊನೆ, ಅದರ ಹಿಂದೆಯೇ ನಿಧಾನದ ಅಲೆ) ಸಾಲು ಸಾಮಾನ್ಯವಾಗಿ ಸಿಕ್ಕಿಬೀಳುತ್ತದೆ.

ಅರ್ಧ ಗಂಟೆಯ ಇಇಜಿ ನಾರ್ಮಲ್ ಬಂತೆಂದು ಅಪಸ್ಮಾರ (ಫಿಟ್ಸ್ ಕಾಯಿಲೆ) ಇಲ್ಲ ಎನ್ನಲಾಗದು. ಫಿಟ್ಸ್ ಬಂದಾಗ ಮನೆಯವರೊಬ್ಬರು ಮೊಬೈಲಿನಲ್ಲಿ ವಿಡಿಯೋ ತೆಗೆದಿಟ್ಟುಕೊಂಡರೆ ಡಾಕ್ಟರಿಗೆ ಬಹಳ ಉಪಯೋಗ.