ಅತಿ ಬಲಿಷ್ಠ ಪೊಕೆಮಾನ್ ಯಾವುದು: ನನ್ನ ಶ್ರೇಯಾಂಕ

ಅತಿ ಬಲಿಷ್ಠ ಪೊಕೆಮಾನ್ ಯಾವುದೆಂಬ ಚರ್ಚೆ ಎದ್ದಾಗಲೆಲ್ಲ ಬಹುತೇಕರು ಮೊದಲು ನೋಡುವುದು ಬೇಸ್ ಸ್ಟ್ಯಾಟ್‌ಗಳ, ಅಂದರೆ ಈ ವಿಡಿಯೋ ಆಟಗಳಲ್ಲಿ ಪ್ರತಿ ಪೊಕೆಮಾನ್‌ಗೂ ನಿಗದಿಯಾದ ಸಾಮರ್ಥ್ಯದ ಅಂಕಗಳ ಮೊತ್ತವನ್ನು. ಎಚ್‌ಪಿ (ಜೀವಬಲ), ಅಟ್ಯಾಕ್, ಡಿಫೆನ್ಸ್, ಸ್ಪೆಷಲ್ ಅಟ್ಯಾಕ್, ಸ್ಪೆಷಲ್ ಡಿಫೆನ್ಸ್, ಸ್ಪೀಡ್ ಎಂಬ ಆರು ಅಂಕಗಳನ್ನು ಕೂಡಿಸಿ, ಹೆಚ್ಚು ಬಂದದ್ದನ್ನು ಮೇಲಿಟ್ಟು, ಕಡಿಮೆ ಬಂದದ್ದನ್ನು ಕೆಳಗಿಟ್ಟರೆ ಪಟ್ಟಿಯೇನೋ ಸಿದ್ಧವಾಗುತ್ತದೆ. ಆದರೆ ಆ ಪಟ್ಟಿ ಸ್ಪರ್ಧೆಯ ಕಣದಲ್ಲಿ ಒಂದು ಪಂದ್ಯದ ಮಟ್ಟಿಗೂ ನಿಲ್ಲುವುದಿಲ್ಲ. ಮೂರನೇ ತಲೆಮಾರಿನ, ಅಂದರೆ ಮೂರನೇ ಕಂತಿನ ಆಟಗಳಲ್ಲಿ ಬಂದ, ಸ್ಲೇಕಿಂಗ್‌ನ ಮೊತ್ತ 670. ಅದೇ ತಲೆಮಾರಿನ ಕ್ಯೋಗರ್ ಮತ್ತು ಗ್ರೌಡನ್‌ಗಳ ಮೊತ್ತವೂ ಸರಿಯಾಗಿ ಅಷ್ಟೇ. ಆದರೂ ಕ್ಯೋಗರ್, ಗ್ರೌಡನ್‌ಗಳು ಕಾಲಿಟ್ಟೊಡನೆ ಹವಾಮಾನವೇ ಬದಲಾಗಿ ಇಡೀ ಪಂದ್ಯ ಅವುಗಳ ಸುತ್ತ ತಿರುಗುತ್ತದೆ, ಸ್ಲೇಕಿಂಗ್ ಮಾತ್ರ ತನ್ನ ಟ್ರೂಅಂಟ್ ಎಂಬ ಅಬಿಲಿಟಿಯ (ಸಹಜ ಗುಣದ) ಕಾರಣದಿಂದ ಒಂದು ಟರ್ನ್ (ಸರದಿ) ಹೊಡೆದು ಮುಂದಿನ ಟರ್ನ್ ಸುಮ್ಮನೆ ಕೂರುತ್ತದೆ. ಎದುರಾಳಿಗೆ ಆ ಒಂದು ಟರ್ನ್ ಸಾಕು. ಮೊತ್ತವನ್ನೇ ನೆಚ್ಚಿಕೊಳ್ಳುವುದಾದರೆ 1125 ಅಂಕಗಳ ಎಟರ್ನಮ್ಯಾಕ್ಸ್ ಎಟರ್ನೇಟಸ್‌ಗೆ ಪಟ್ಟ ಕಟ್ಟಬೇಕಾಗುತ್ತದೆ, ಆದರೆ ಅದು ಕಥೆಯ ಭಾಗವಾಗಿ ಎದುರಾಗುವುದೇ ಹೊರತು ಆಟಗಾರರ ತಂಡಕ್ಕೆ ಸೇರುವುದಿಲ್ಲ.

ಹಾಗಾಗಿ ನಾನು ಬೇರೊಂದು ಅಳತೆಯನ್ನು ಹಿಡಿದಿದ್ದೇನೆ. ಒಂದು ಪೊಕೆಮಾನ್ ತನ್ನ ಕಾಲದಲ್ಲಿ, ತನಗೆ ಆಡಲು ಅವಕಾಶವಿದ್ದ ಕಣದಲ್ಲಿ, ಉಳಿದವರ ಆಯ್ಕೆಗಳನ್ನು ಎಷ್ಟರ ಮಟ್ಟಿಗೆ ಕಿತ್ತುಕೊಂಡಿತು ಎಂಬುದೇ ಆ ಅಳತೆ. ತಂಡ ಕಟ್ಟಲು ಕುಳಿತವನು ಆರು ಜಾಗಗಳಲ್ಲಿ ಎಷ್ಟನ್ನು ಅದಕ್ಕೆ ಉತ್ತರವಾಗಿಯೇ ಮೀಸಲಿಡಬೇಕಾಯಿತು, ಪಂದ್ಯದ ನಡುವೆ ಎಷ್ಟು ಟರ್ನ್‌ಗಳನ್ನು ಅದರ ಭಯದಿಂದಲೇ ವ್ಯಯಿಸಬೇಕಾಯಿತು ಎಂಬುದನ್ನು ಗಮನಿಸಿದರೆ ಬಲದ ನಿಜವಾದ ಪ್ರಮಾಣ ತಿಳಿಯುತ್ತದೆ. ಈ ಲೆಕ್ಕದಲ್ಲಿ ಬೇರೆ ಬೇರೆ ತಲೆಮಾರುಗಳ ಜೀವಿಗಳನ್ನು ಒಂದೇ ಕಣಕ್ಕೆ ಇಳಿಸುವ ಅಗತ್ಯವಿಲ್ಲ. ಪ್ರತಿಯೊಂದನ್ನೂ ಅದರ ಕಾಲದ ನಿಯಮಗಳೊಳಗೇ ಇಟ್ಟು ನೋಡಿದರಾಯಿತು.

ಮೊದಲ ಸ್ಥಾನವನ್ನು ನಾನು ಕೊಡುವುದು ಮೊದಲ ತಲೆಮಾರಿನ ಮ್ಯೂಟೂಗೆ. 1996ರಲ್ಲಿ ಜಪಾನಿನಲ್ಲಿ ಬಿಡುಗಡೆಯಾದ ಆ ಆಟಗಳಲ್ಲಿ ಸ್ಪೆಷಲ್ ಎಂಬುದು ಇನ್ನೂ ಒಂದೇ ಸ್ಟ್ಯಾಟ್ ಆಗಿತ್ತು. ಹೊಡೆಯುವುದಕ್ಕೂ ತಡೆಯುವುದಕ್ಕೂ ಅದೇ ಅಂಕ. ಮ್ಯೂಟೂನ ಸ್ಪೆಷಲ್ 154, ಸ್ಪೀಡ್ 130. ಇದರ ಜೊತೆಗೆ ಆಮ್ನೇಷಿಯಾ ಎಂಬ ಮೂವ್ (ಒಂದು ಟರ್ನ್‌ನಲ್ಲಿ ಬಳಸುವ ಪಟ್ಟು) ಅದರ ಬಳಿಯಿತ್ತು. ಒಮ್ಮೆ ಬಳಸಿದರೆ ಸ್ಪೆಷಲ್ ಎರಡು ಪಟ್ಟಾಗುತ್ತದೆ, ಎರಡನೇ ಬಾರಿಗೆ ಮೂರು ಪಟ್ಟು. ಅಂದರೆ ಒಂದೇ ಟರ್ನ್‌ನಲ್ಲಿ ಅದರ ಪೆಟ್ಟೂ ಇಮ್ಮಡಿ, ಎದುರಾಳಿಯ ಸ್ಪೆಷಲ್ ದಾಳಿಯನ್ನು ತಾಳಿಕೊಳ್ಳುವ ಶಕ್ತಿಯೂ ಇಮ್ಮಡಿ. ಎಚ್‌ಪಿ ಇಳಿದರೆ ರಿಕವರ್ ಬಳಸಿ ಅರ್ಧದಷ್ಟು ತುಂಬಿಕೊಳ್ಳಬಹುದು. ಆ ಕಾಲದ ಸೈಕಿಕ್ ಮೂವ್ ಸುಮಾರು ಮೂರರಲ್ಲಿ ಒಂದು ಸಲ ಎದುರಾಳಿಯ ಸ್ಪೆಷಲ್ಲನ್ನು ಒಂದು ಹಂತ ಕೆಳಗಿಳಿಸುತ್ತಿತ್ತು. ಸ್ಪೆಷಲ್ ಒಂದೇ ಆಗಿದ್ದರಿಂದ ಆ ಇಳಿತವೂ ಎರಡು ಕಡೆಯಿಂದ ಕಾಡುತ್ತಿತ್ತು.

ಇಷ್ಟಾದ ಮೇಲೆ ಟೈಪ್‌ನ, ಅಂದರೆ ಯಾವ ದಾಳಿ ಯಾರಿಗೆ ಎಷ್ಟು ತಾಗುತ್ತದೆ ಎಂಬುದನ್ನು ನಿರ್ಧರಿಸುವ ವರ್ಗದ ವಿಷಯ. ಮ್ಯೂಟೂ ಸೇರಿದ ಸೈಕಿಕ್ ಟೈಪ್‌ಗೆ ಬಗ್ ಮತ್ತು ಘೋಸ್ಟ್ ದಾಳಿಗಳು ಮಾರಕವಾಗಬೇಕಿತ್ತು. ಆದರೆ ಆ ಆಟಗಳಲ್ಲಿ ಘೋಸ್ಟ್ ಮೂವ್‌ಗಳು ಸೈಕಿಕ್ ಟೈಪ್‌ಗೆ ತಗಲುತ್ತಲೇ ಇರಲಿಲ್ಲ, ಬಗ್ ಮೂವ್‌ಗಳೋ ಹೆಸರಿಗಷ್ಟೇ ಇದ್ದವು: ಬೀಡ್ರಿಲ್‌ನ ಟ್ವಿನ್‌ನೀಡ್ಲ್ ಎರಡು ಸಲ 25ರ ಶಕ್ತಿಯಿಂದ ಚುಚ್ಚುತ್ತಿತ್ತು, ಲೀಚ್ ಲೈಫ್‌ನ ಶಕ್ತಿ 20. ಇಂಥ ಅಸ್ತ್ರಗಳನ್ನು ಹಿಡಿದು ಮ್ಯೂಟೂ ಎದುರು ನಿಲ್ಲಲು ಯಾರಿಗೂ ಸಾಧ್ಯವಿರಲಿಲ್ಲ. ಅದನ್ನು ತಡೆಯಲು ಜನ ನೆಚ್ಚಿಕೊಂಡಿದ್ದು ಪಾರ್ಶ್ವವಾಯು ತಗುಲಿಸುವ ಥಂಡರ್ ವೇವ್ ಅನ್ನು, ಕ್ರಿಟಿಕಲ್ ಹಿಟ್ (ಅದೃಷ್ಟದಿಂದ ಬೀಳುವ ಹೆಚ್ಚು ಬಲದ ಪೆಟ್ಟು) ಬೀಳಲಿ ಎಂಬ ಆಸೆಯನ್ನು, ಎಲ್ಲಕ್ಕಿಂತ ಹೆಚ್ಚಾಗಿ ತಮ್ಮದೇ ತಂಡದ ಮ್ಯೂಟೂವನ್ನು. ಅಂದಿನ ನಿಯಮದಂತೆ ಕ್ರಿಟಿಕಲ್ ಹಿಟ್ ಬಿದ್ದಾಗ ಏರಿಸಿಕೊಂಡ ಸ್ಟ್ಯಾಟ್‌ಗಳೆಲ್ಲ ಲೆಕ್ಕದಿಂದ ಹೊರಗುಳಿಯುತ್ತಿದ್ದವು, ಹಾಗಾಗಿ ಆಮ್ನೇಷಿಯಾದ ಗೋಡೆ ಒಂದು ಅದೃಷ್ಟದ ಪೆಟ್ಟಿಗೆ ಸೀಳುತ್ತಿತ್ತು. ಕುತೂಹಲದ ಸಂಗತಿಯೆಂದರೆ ಈ ನಿಯಮ ಮ್ಯೂಟೂಗೂ ಅನ್ವಯಿಸುತ್ತಿತ್ತು. ಎರಡು ಬಾರಿ ಆಮ್ನೇಷಿಯಾ ಬಳಸಿದ ಮೇಲೆ ಅದಕ್ಕೆ ಕ್ರಿಟಿಕಲ್ ಹಿಟ್ ಸಿಕ್ಕರೆ ಮೂರು ಪಟ್ಟಿನ ಪೆಟ್ಟಿನ ಬದಲು ಸುಮಾರು ಎರಡು ಪಟ್ಟಿನ ಪೆಟ್ಟು ಬೀಳುತ್ತಿತ್ತು. ಆಗ ಕ್ರಿಟಿಕಲ್‌ನ ಸಾಧ್ಯತೆ ಬೇಸ್ ಸ್ಪೀಡ್ ಅನ್ನು ಅವಲಂಬಿಸಿದ್ದರಿಂದ ಮ್ಯೂಟೂಗೆ ಇದು ನಾಲ್ಕು ಹೊಡೆತಗಳಲ್ಲಿ ಒಂದರಂತೆ ಆಗುತ್ತಿತ್ತು. ತನ್ನ ವೇಗವೇ ತನಗೆ ಅಡ್ಡಿಯಾದರೂ ಅದು ಗೆಲ್ಲುತ್ತಿತ್ತು ಎಂಬುದು ಅದರ ಬಲಕ್ಕೆ ಸಾಕ್ಷಿ.

1999ರಲ್ಲಿ ಬಂದ ಎರಡನೇ ತಲೆಮಾರು ಸ್ಪೆಷಲ್ಲನ್ನು ಎರಡಾಗಿ ಒಡೆಯಿತು, ಸೈಕಿಕ್ ದಾಳಿ ತಾಗದ ಡಾರ್ಕ್ ಟೈಪ್ ತಂದಿತು, ಸೈಕಿಕ್ ದಾಳಿಯನ್ನು ತಾಳಿಕೊಳ್ಳುವ ಸ್ಟೀಲ್ ಟೈಪ್ ತಂದಿತು. ಒಂದು ಜೀವಿಯನ್ನು ಹದ್ದುಬಸ್ತಿಗೆ ತರಲು ಆಟದ ಬುನಾದಿಯನ್ನೇ ಇಷ್ಟು ಬದಲಿಸಬೇಕಾದ ಸಂದರ್ಭ ನನಗೆ ತಿಳಿದಂತೆ ಮತ್ತೊಂದಿಲ್ಲ.

ಎರಡನೆಯ ಸ್ಥಾನ ಎಂಟನೇ ತಲೆಮಾರಿನ ಝೇಷಿಯನ್‌ದು. ಬಾಯಲ್ಲಿ ಕತ್ತಿ ಹಿಡಿದ ಈ ತೋಳ 2019ರಲ್ಲಿ ಬಂದಾಗ ಅದರ ಅಟ್ಯಾಕ್ 170, ಸ್ಪೀಡ್ 148, ಒಟ್ಟು ಮೊತ್ತ 720. ಇಂಟ್ರೆಪಿಡ್ ಸ್ವೋರ್ಡ್ ಎಂಬ ಅಬಿಲಿಟಿಯಿಂದ ಕಣಕ್ಕೆ ಇಳಿದ ಪ್ರತಿ ಸಲವೂ ಅದರ ಅಟ್ಯಾಕ್ ಒಂದು ಹಂತ, ಅಂದರೆ ಒಂದೂವರೆ ಪಟ್ಟು ಏರುತ್ತಿತ್ತು. ಫೇರಿ ಮತ್ತು ಸ್ಟೀಲ್ ಟೈಪ್‌ಗಳ ಜೋಡಿಗೆ ಫೈರ್ ಮತ್ತು ಗ್ರೌಂಡ್ ಬಿಟ್ಟರೆ ಬೇರೆ ದೌರ್ಬಲ್ಯವಿಲ್ಲ. ಡ್ರ್ಯಾಗನ್, ಪಾಯ್ಸನ್ ದಾಳಿಗಳು ತಾಗುವುದೇ ಇಲ್ಲ. ಎಲ್ಲರಿಗಿಂತ ಮೊದಲು ಹೊಡೆಯುವ, ಹೊಡೆದರೆ ಉಳಿಸದ, ತಿರುಗಿ ಹೊಡೆದರೂ ಸುಲಭಕ್ಕೆ ಬೀಳದ ಜೀವಿಯ ಎದುರು ಸಿಂಗಲ್ಸ್ (ಎರಡೂ ಕಡೆಯಿಂದ ಒಂದೊಂದೇ ಪೊಕೆಮಾನ್ ಇಳಿಸುವ ಪಂದ್ಯ) ಆಟಗಾರರಿಗೆ ಉಳಿದದ್ದು ಕೆಲವೇ ಕೆಲವು ಉತ್ತರಗಳು. ಸಿಂಗಲ್ಸ್‌ನ ನಿಯಮಗಳನ್ನು ರೂಪಿಸುವ ಸ್ಮೋಗನ್ ಸಮುದಾಯ ದಿಗ್ಗಜಗಳಿಗೆಂದೇ ಮೀಸಲಾದ ಊಬರ್ಸ್ ವಿಭಾಗದಿಂದಲೂ ಇದನ್ನು ಬ್ಯಾನ್ ಮಾಡಿತು. ಮುಂದಿನ ತಲೆಮಾರಿನಲ್ಲಿ ಆಟ ರೂಪಿಸುವವರೇ ಅದರ ಅಟ್ಯಾಕನ್ನು 150ಕ್ಕೆ ಇಳಿಸಿ, ಇಂಟ್ರೆಪಿಡ್ ಸ್ವೋರ್ಡ್ ಒಂದು ಪಂದ್ಯದಲ್ಲಿ ಒಮ್ಮೆ ಮಾತ್ರ ಕೆಲಸ ಮಾಡುವಂತೆ ಮಾಡಿದರು. ಆ ಎರಡನೇ ತಿದ್ದುಪಡಿಯೇ ಹೆಚ್ಚು ಮಹತ್ವದ್ದು ಎಂದು ನನ್ನ ಅಭಿಪ್ರಾಯ. ಮೊದಲಾದರೆ ಝೇಷಿಯನ್‌ನನ್ನು ಬಲವಂತವಾಗಿ ಹಿಂದಕ್ಕೆ ಕಳಿಸಿದರೂ ಪ್ರಯೋಜನವಿರಲಿಲ್ಲ. ಅದು ಮರಳಿ ಬರುವಾಗ ಅದೇ ಬಲದೊಂದಿಗೆ ಬರುತ್ತಿತ್ತು.

ಮೂರನೆಯದಾಗಿ ನಾನು ಹೆಸರಿಸುವ ಪೊಕೆಮಾನ್ ದಂತಕಥೆಯ ಸಾಲಿಗೆ ಸೇರಿದ್ದಲ್ಲ. ಎರಡನೇ ತಲೆಮಾರಿನ ಸ್ನಾರ್ಲ್ಯಾಕ್ಸ್‌ನ ಮೊತ್ತ 540 ಮಾತ್ರ, ಸ್ಪೀಡ್ ಬರೀ 30. ಆದರೆ ಎಚ್‌ಪಿ 160, ಅಟ್ಯಾಕ್ 110, ಸ್ಪೆಷಲ್ ಡಿಫೆನ್ಸ್ 110. ಆ ಕಾಲದಲ್ಲಿ ತರಬೇತಿಯ ಅಂಕಗಳಿಗೆ ಒಟ್ಟು ಮಿತಿ ಇರಲಿಲ್ಲವಾದ್ದರಿಂದ ಪ್ರತಿಯೊಂದು ಸ್ಟ್ಯಾಟ್ ಅನ್ನೂ ತುದಿಮುಟ್ಟಿಸಬಹುದಿತ್ತು, ನೂರನೇ ಲೆವೆಲ್‌ನಲ್ಲಿ ಅದರ ಎಚ್‌ಪಿ 523ಕ್ಕೆ ತಲಪುತ್ತಿತ್ತು. ಆ ತಲೆಮಾರಿನಲ್ಲೇ ಬಂದ ಲೆಫ್ಟೋವರ್ಸ್ ಎಂಬ ಐಟಂ ಪ್ರತಿ ಟರ್ನ್‌ನ ಕೊನೆಯಲ್ಲೂ ಹದಿನಾರನೇ ಒಂದು ಭಾಗ ಎಚ್‌ಪಿಯನ್ನು ಮರಳಿಸುತ್ತಿತ್ತು. ಕರ್ಸ್ ಬಳಸಿದರೆ ಅಟ್ಯಾಕ್ ಮತ್ತು ಡಿಫೆನ್ಸ್ ಒಂದೊಂದು ಹಂತ ಏರಿ ಸ್ಪೀಡ್ ಒಂದು ಹಂತ ಇಳಿಯುತ್ತದೆ. ಮೊದಲೇ ನಿಧಾನವಾಗಿರುವ ಸ್ನಾರ್ಲ್ಯಾಕ್ಸ್‌ಗೆ ಆ ನಷ್ಟ ನಷ್ಟವೇ ಅಲ್ಲ. ಗಾಯ ಹೆಚ್ಚಾದರೆ ರೆಸ್ಟ್ ಬಳಸಿ ಎರಡು ಟರ್ನ್ ಮಲಗಿ ಪೂರ್ತಿ ಚೇತರಿಸಿಕೊಳ್ಳುತ್ತದೆ, ನಿದ್ದೆಯಲ್ಲಿದ್ದಾಗಲೂ ಸ್ಲೀಪ್ ಟಾಕ್ ಮೂಲಕ ಹೊಡೆಯುತ್ತಲೇ ಇರಬಲ್ಲದು.

ಇದಕ್ಕಿಂತ ದೊಡ್ಡ ತೊಂದರೆಯೆಂದರೆ ಎದುರಿಗಿರುವುದು ಯಾವ ಬಗೆಯ ಸ್ನಾರ್ಲ್ಯಾಕ್ಸ್ ಎಂಬುದು ಅದು ಮೂವ್ ಬಳಸುವ ತನಕ ಗೊತ್ತಾಗುತ್ತಿರಲಿಲ್ಲ. ಕರ್ಸ್ ಬಳಸಿ ನಿಧಾನವಾಗಿ ಬಲಿಯುವುದಿರಬಹುದು. ಬೆಲ್ಲಿ ಡ್ರಮ್ ಬಾರಿಸಿ ಅರ್ಧ ಎಚ್‌ಪಿಯನ್ನು ಕಳೆದುಕೊಂಡು ಅಟ್ಯಾಕನ್ನು ಒಂದೇ ಏಟಿಗೆ ಶಿಖರಕ್ಕೇರಿಸುವುದಿರಬಹುದು. ಅದನ್ನು ತಡೆಯಲೆಂದೇ ಹೆಚ್ಚಿನವರು ತಂಡದಲ್ಲಿ ಇಟ್ಟುಕೊಳ್ಳುತ್ತಿದ್ದ ಉಕ್ಕಿನ ಹಕ್ಕಿ ಸ್ಕಾರ್ಮರಿ ಕಣಕ್ಕೆ ಇಳಿಯುವುದನ್ನೇ ಕಾದು ಫೈರ್ ಬ್ಲಾಸ್ಟ್ ಹಾರಿಸುವುದಿರಬಹುದು. ಇಲ್ಲವೇ ತನ್ನ ಕೆಲಸ ಮುಗಿದ ಮೇಲೆ ಸೆಲ್ಫ್-ಡಿಸ್ಟ್ರಕ್ಟ್ ಬಳಸಿ, ತನ್ನನ್ನು ತಡೆಯಲು ಬಂದವನನ್ನೂ ಜೊತೆಗೆ ಕರೆದೊಯ್ಯುವುದಿರಬಹುದು. ಸರಿಯಾದ ಉತ್ತರವೆಂದು ಕಳುಹಿಸಿದ ಪೊಕೆಮಾನ್ ತಪ್ಪು ಸ್ನಾರ್ಲ್ಯಾಕ್ಸ್‌ನ ಎದುರು ನಿಂತರೆ ಅಲ್ಲಿಗೆ ಪಂದ್ಯ ವಾಲಿದಂತೆಯೇ. ಆ ತಲೆಮಾರಿನ ಸಿಂಗಲ್ಸ್‌ನಲ್ಲಿ ಸ್ನಾರ್ಲ್ಯಾಕ್ಸ್ ಇಲ್ಲದ ತಂಡ ಕಟ್ಟುವುದೆಂದರೆ ಅದಕ್ಕೆ ಕಾರಣ ಕೊಡಬೇಕಾದಂಥ ನಿರ್ಧಾರವಾಗಿತ್ತು. ಹಾಗಿದ್ದೂ ಅದನ್ನು ಸಾಮಾನ್ಯ ವಿಭಾಗದಿಂದ ಬ್ಯಾನ್ ಮಾಡಲಿಲ್ಲ; ಇದು ಸರಿಯಾದ ನಿಲುವೆಂದೇ ನನಗೆ ಅನ್ನಿಸುತ್ತದೆ, ಏಕೆಂದರೆ ಎರಡೂ ಕಡೆಯ ಆಟಗಾರರು ಒಂದೊಂದು ಸ್ನಾರ್ಲ್ಯಾಕ್ಸ್ ಇಟ್ಟುಕೊಂಡು ಆಡುವ ಆ ದೀರ್ಘ ಪಂದ್ಯಗಳಲ್ಲಿ ಊಹೆ, ತಾಳ್ಮೆ, ಲೆಕ್ಕಾಚಾರ ಎಲ್ಲವೂ ಪರೀಕ್ಷೆಗೆ ಒಳಗಾಗುತ್ತವೆ.

ಮೆಗಾ ರೇಕ್ವಾಝಾವನ್ನು ನಾಲ್ಕನೆಯ ಸ್ಥಾನಕ್ಕೆ ಇಳಿಸಿರುವುದನ್ನು ಹಲವರು ಒಪ್ಪಲಾರರು. ಅದರ ಮೊತ್ತ 780, ಎರಡೂ ಬಗೆಯ ಅಟ್ಯಾಕ್ 180. ಉಳಿದ ಪೊಕೆಮಾನ್‌ಗಳು ಮೆಗಾ ರೂಪಕ್ಕೆ, ಅಂದರೆ ಪಂದ್ಯದ ನಡುವೆ ಪಡೆಯುವ ಹೆಚ್ಚು ಬಲದ ರೂಪಕ್ಕೆ ಬರಬೇಕಾದರೆ ವಿಶೇಷ ಕಲ್ಲೊಂದನ್ನು ಹಿಡಿದಿರಬೇಕು. ಇದಕ್ಕೆ ಡ್ರ್ಯಾಗನ್ ಅಸೆಂಟ್ ಮೂವ್ ಗೊತ್ತಿದ್ದರೆ ಸಾಕು, ಆದ್ದರಿಂದ ಬೇಕಾದ ಐಟಂ ಹಿಡಿಯಲು ಅದರ ಕೈ ಖಾಲಿಯಾಗಿಯೇ ಉಳಿಯುತ್ತದೆ. ಡೆಲ್ಟಾ ಸ್ಟ್ರೀಮ್ ಅಬಿಲಿಟಿ ಎಬ್ಬಿಸುವ ಗಾಳಿ ಫ್ಲೈಯಿಂಗ್ ಟೈಪ್‌ನ ದೌರ್ಬಲ್ಯಗಳನ್ನು ಮುಚ್ಚುವುದರಿಂದ ನಾಲ್ಕು ಪಟ್ಟು ಬೀಳಬೇಕಾದ ಐಸ್ ದಾಳಿ ಎರಡು ಪಟ್ಟಿಗೆ ಇಳಿಯುತ್ತದೆ. ಊಬರ್ಸ್‌ನಲ್ಲೂ ಇದಕ್ಕೆ ಜಾಗ ಕೊಡಲಾಗದೆ ಸ್ಮೋಗನ್‌ನವರು ಎನಿಥಿಂಗ್ ಗೋಸ್ ಎಂಬ ಹೊಸ ವಿಭಾಗವನ್ನೇ ತೆರೆದರು. ಸಿಂಗಲ್ಸ್ ಒಂದನ್ನೇ ಲೆಕ್ಕಕ್ಕೆ ಹಿಡಿದಿದ್ದರೆ ಇದು ಎರಡನೆಯ ಸ್ಥಾನದಲ್ಲಿರುತ್ತಿತ್ತು.

ಆದರೆ ಅಧಿಕೃತ ಸ್ಪರ್ಧೆಗಳು ನಡೆಯುವುದು ಡಬಲ್ಸ್‌ನಲ್ಲಿ, ಆರರಲ್ಲಿ ನಾಲ್ಕನ್ನು ಆರಿಸಿ ಇಬ್ಬಿಬ್ಬರಂತೆ ಇಳಿಸುವ ಕ್ರಮದಲ್ಲಿ. 2016ರ ಋತುವಿನಲ್ಲಿ ಇಂಥ ಎರಡು ದಿಗ್ಗಜಗಳನ್ನು ಇಟ್ಟುಕೊಳ್ಳಲು ಅವಕಾಶವಿದ್ದಾಗ ಕಣವನ್ನು ಆಳಿದ್ದು ಪ್ರೈಮಲ್ ಗ್ರೌಡನ್ ಮತ್ತು ಝರ್ನಿಯಸ್‌ಗಳ ಜೋಡಿ. ಝರ್ನಿಯಸ್ ಫೇರಿ ಟೈಪ್‌ನದು. ಜಿಯೋಮ್ಯಾನ್ಸಿ ಎಂಬ ಮೂವ್ ಅನ್ನು ಪವರ್ ಹರ್ಬ್ ಐಟಂ ಜೊತೆ ಬಳಸಿ ಒಂದೇ ಟರ್ನ್‌ನಲ್ಲಿ ಸ್ಪೆಷಲ್ ಅಟ್ಯಾಕ್, ಸ್ಪೆಷಲ್ ಡಿಫೆನ್ಸ್, ಸ್ಪೀಡ್ ಮೂರನ್ನೂ ಇಮ್ಮಡಿಗೊಳಿಸಿಕೊಂಡ ಮೇಲೆ ಡ್ರ್ಯಾಗನ್ ಆದ ರೇಕ್ವಾಝಾಗೆ ಅದರ ಎದುರು ನಿಲ್ಲುವುದು ಕಷ್ಟ. ಆ ವರ್ಷದ ವಿಶ್ವ ಚಾಂಪಿಯನ್ ವುಲ್ಫ್ ಗ್ಲಿಕ್ ಅವರ ತಂಡದಲ್ಲಿ ಕ್ಯೋಗರ್ ಜೊತೆ ರೇಕ್ವಾಝಾ ಇತ್ತು ಎಂಬುದು ನಿಜ, ಆದರೆ ಅದು ಜನಪ್ರಿಯ ಜೋಡಿಗೆ ಎದುರಾಗಿ ಯೋಚಿಸಿ ಕಟ್ಟಿದ ತಂಡ. ಉಳಿದವರ ಆಯ್ಕೆಗಳನ್ನು ಕಿತ್ತುಕೊಂಡದ್ದು ಬೇರೆಯವು.

ಐದನೆಯದು ಇನ್ಸಿನರೋರ್. ಬೆಂಕಿಯ ಪಟ್ಟಿ ಸೊಂಟಕ್ಕೆ ಕಟ್ಟಿದ ಈ ಕುಸ್ತಿಪಟು ಬೆಕ್ಕು ಯಾರನ್ನೂ ಒಂದೇ ಏಟಿಗೆ ಕೆಡವಿ ಹೆಸರು ಮಾಡಿದ್ದಲ್ಲ. ಅದರ ಮೊತ್ತ 530. ಇಂಟಿಮಿಡೇಟ್ ಅಬಿಲಿಟಿ ಕೈಗೆ ಸಿಕ್ಕ ಮೇಲೆ ಡಬಲ್ಸ್‌ನಲ್ಲಿ ಇದಕ್ಕೆ ಸಾಟಿಯಾದ ಸಹಾಯಕ ಸಿಗಲಿಲ್ಲ. ಒಂದು ಪಂದ್ಯದ ಮೊದಲ ಎರಡು ಟರ್ನ್‌ಗಳನ್ನಷ್ಟೇ ನೋಡಿ. ಇನ್ಸಿನರೋರ್ ಇಳಿದೊಡನೆ ಎದುರಿನ ಇಬ್ಬರ ಅಟ್ಯಾಕೂ ಮೂರನೇ ಎರಡಕ್ಕೆ ಕುಸಿಯುತ್ತದೆ. ಮೊದಲ ಟರ್ನ್‌ನಲ್ಲಿ ಫೇಕ್ ಔಟ್ ಹೊಡೆದು ಒಬ್ಬ ಎದುರಾಳಿ ಕೈಯೆತ್ತದಂತೆ ಮಾಡುತ್ತದೆ, ಆ ಬಿಡುವಿನಲ್ಲಿ ಜೊತೆಗಾರ ತನ್ನ ಸಿದ್ಧತೆ ಮುಗಿಸಿಕೊಳ್ಳುತ್ತಾನೆ. ಎರಡನೇ ಟರ್ನ್‌ನಲ್ಲಿ ಪಾರ್ಟಿಂಗ್ ಶಾಟ್ ಬಳಸಿ ಒಬ್ಬನ ಎರಡೂ ಅಟ್ಯಾಕ್‌ಗಳನ್ನು ಇಳಿಸಿ ತಾನು ಹಿಂದೆ ಸರಿಯುತ್ತದೆ. ಅದರ ಸ್ಪೀಡ್ 60 ಮಾತ್ರ ಆಗಿರುವುದರಿಂದ ಎದುರಾಳಿಗಳು ಸಾಮಾನ್ಯವಾಗಿ ಮೊದಲೇ ಹೊಡೆದು ಮುಗಿಸಿರುತ್ತಾರೆ, ಬದಲಿಗೆ ಬರುವವನಿಗೆ ಒಂದು ಗೀರೂ ಆಗುವುದಿಲ್ಲ. ಕೆಲವು ಟರ್ನ್ ಕಳೆದು ಅದು ಮತ್ತೆ ಬಂದಾಗ ಇಂಟಿಮಿಡೇಟ್, ಫೇಕ್ ಔಟ್ ಎರಡೂ ಹೊಸದಾಗಿ ಸಿಗುತ್ತವೆ. ಝೇಷಿಯನ್‌ನಂಥ ಜೀವಿ ಒಂದು ಹಂತ ಏರಿಸಿಕೊಂಡು ಬಂದರೂ ಇನ್ಸಿನರೋರ್ ಎದುರು ನಿಂತ ಕ್ಷಣ ಆ ಏರಿಕೆ ಅಳಿಸಿಹೋಗುತ್ತದೆ.

ಡಬಲ್ಸ್‌ನಲ್ಲಿ ಜೊತೆಗಾರನನ್ನು ಕಾಯುವ ಕೆಲಸಕ್ಕೆ ಎಷ್ಟು ಬೆಲೆಯಿದೆ ಎಂಬುದಕ್ಕೆ 2014ರ ವಿಶ್ವ ಚಾಂಪಿಯನ್ ಸೆಜುನ್ ಪಾರ್ಕ್ ಅವರ ಪಚಿರಿಸುವನ್ನು ನೆನೆಯಲೇಬೇಕು. 405ರ ಮೊತ್ತದ ಆ ಪುಟ್ಟ ಅಳಿಲು ಫಾಲೋ ಮೀ ಬಳಸಿ ಗ್ಯಾರಡೋಸ್ ಮೇಲೆ ಬೀಳಬೇಕಾದ ದಾಳಿಗಳನ್ನು ತನ್ನತ್ತ ಸೆಳೆದುಕೊಳ್ಳುತ್ತಿತ್ತು, ವೋಲ್ಟ್ ಅಬ್ಸಾರ್ಬ್ ಇದ್ದುದರಿಂದ ಎಲೆಕ್ಟ್ರಿಕ್ ದಾಳಿ ಬಿದ್ದರೆ ಅದರ ಎಚ್‌ಪಿ ಇಳಿಯುವ ಬದಲು ಏರುತ್ತಿತ್ತು. ಶ್ರೇಯಾಂಕದಲ್ಲಿ ಅದಕ್ಕೆ ಜಾಗವಿಲ್ಲ, ಏಕೆಂದರೆ ಅದು ಆ ಒಂದು ತಂಡಕ್ಕೆ, ಆ ಒಂದು ಕಣಕ್ಕೆ ಹೊಂದಿಸಿದ ಆಯ್ಕೆ. ಇನ್ಸಿನರೋರ್ ಹಾಗಲ್ಲ, ನಿಯಮ ಬದಲಾದರೂ, ತಲೆಮಾರು ಬದಲಾದರೂ, ಬಹುತೇಕ ಯಾವ ತಂಡಕ್ಕೆ ಸೇರಿಸಿದರೂ ಹೊಂದಿಕೊಳ್ಳುತ್ತದೆ.

ಐದರ ಹೊಸ್ತಿಲಲ್ಲಿ ಉಳಿದವು ಎರಡು. ಆರನೇ ತಲೆಮಾರಿನ ಮೆಗಾ ಕಂಗಾಸ್ಕಾನ್ ತಾಯಿ ಮತ್ತು ಮರಿ ಸೇರಿ ಒಂದು ಮೂವ್ ಅನ್ನು ಎರಡು ಸಲ ಹೊಡೆಯುತ್ತಿತ್ತು, ಮರಿಯ ಪೆಟ್ಟಿನ ಶಕ್ತಿ ತಾಯಿಯ ಅರ್ಧದಷ್ಟು. ಏಳನೇ ತಲೆಮಾರಿನಲ್ಲಿ ಅದನ್ನು ಕಾಲು ಭಾಗಕ್ಕೆ ಇಳಿಸಿದ ಮೇಲೆ ಅದರ ಆಳ್ವಿಕೆ ಕೊನೆಗೊಂಡಿತು. ಇನ್ನೊಂದು ಕಪ್ಪು ಕುದುರೆಯೇರಿದ ಕ್ಯಾಲಿರೆಕ್ಸ್. ಸ್ಪೆಷಲ್ ಅಟ್ಯಾಕ್ 165, ಸ್ಪೀಡ್ 150, ಇಬ್ಬರು ಎದುರಾಳಿಗಳಿಗೂ ಒಟ್ಟಿಗೆ ತಾಗುವ 120 ಶಕ್ತಿಯ ಆಸ್ಟ್ರಲ್ ಬರಾಜ್, ಒಬ್ಬನನ್ನು ಕೆಡವಿದಾಗಲೆಲ್ಲ ಏರುವ ಸ್ಪೆಷಲ್ ಅಟ್ಯಾಕ್. ಆದರೆ ಸೈಕಿಕ್ ಮತ್ತು ಘೋಸ್ಟ್ ಎರಡೂ ಆಗಿರುವುದರಿಂದ ಡಾರ್ಕ್ ದಾಳಿ ಅದಕ್ಕೆ ನಾಲ್ಕು ಪಟ್ಟು ತಾಗುತ್ತದೆ, ಡಾರ್ಕ್ ಟೈಪ್‌ನ ಇನ್ಸಿನರೋರ್ ಪ್ರತಿ ಎರಡನೇ ತಂಡದಲ್ಲಿ ಎಂಬಂತೆ ಕಾದು ಕುಳಿತಿರುತ್ತದೆ. ಒಂಬತ್ತನೇ ತಲೆಮಾರಿನ ಟೆರಾಸ್ಟಲ್ ಬಂದ ಮೇಲೆ ಕ್ಯಾಲಿರೆಕ್ಸ್ ಪಂದ್ಯದ ನಡುವೆಯೇ ಟೈಪ್ ಬದಲಿಸಿ ಈ ದೌರ್ಬಲ್ಯದಿಂದ ಜಾರಿಕೊಳ್ಳಬಲ್ಲದು, ಆದರೆ ಅದಕ್ಕಾಗಿ ತಂಡಕ್ಕೆ ಸಿಗುವ ಒಂದೇ ಒಂದು ಟೆರಾಸ್ಟಲ್ ಅವಕಾಶವನ್ನು ತೆರಬೇಕಾಗುತ್ತದೆ. ಆ ಬೆಲೆಯನ್ನು ಲೆಕ್ಕಕ್ಕೆ ಹಿಡಿದು ಅದಕ್ಕೆ ಆರನೆಯ ಸ್ಥಾನವನ್ನೂ ಕಂಗಾಸ್ಕಾನ್‌ಗೆ ಏಳನೆಯದನ್ನೂ ಕೊಟ್ಟಿದ್ದೇನೆ.