ಮಕ್ಕಳು, ಮಾವ ಮತ್ತು ಗಾಳಿಯಲ್ಲಿ ನಿಂತ ಚೆಂಡು

14 ಡಿಸೆಂಬರ್ 2024, ಶನಿವಾರ
ಚಿಕ್ಕಬಳ್ಳಾಪುರ

ಸಣ್ಣ ಮಕ್ಕಳನ್ನು ಕರಕೊಂಡು ಮ್ಯೂಸಿಯಮ್ಮಿಗೆ ಹೋಗುವವರು ‘ಎಲ್ಲಾ ನೋಡಿಬಿಡೋಣ’ ಅನ್ನೋ ಆಸೆಯನ್ನು ಮನೆಯಲ್ಲೇ ಬಿಟ್ಟು ಹೊರಡಬೇಕು. ಇವತ್ತು ಬೆಂಗಳೂರಿನ ವಿಶ್ವೇಶ್ವರಯ್ಯ ಮ್ಯೂಸಿಯಮ್ಮಿಗೆ ಹೋಗಿದ್ದೆವು. ಕಸ್ತೂರಬಾ ರಸ್ತೆಯಲ್ಲಿದೆಯಲ್ಲ, ಅದೇ. ಮಹಡಿ ಮೇಲೆ ಮಹಡಿ, ಒಂದೊಂದು ಹಾಲ್ ತುಂಬಾ ಹ್ಯಾಂಡಲ್ಲು, ಬಟನ್ನು, ಚಕ್ರ. ನಾವು ಸರಿಯಾಗಿ ನೋಡಿದ್ದು ಅದರಲ್ಲಿ ಕಾಲು ಭಾಗವೂ ಇಲ್ಲ. ಟಿಕೆಟ್ ದುಡ್ಡು ದಂಡ ಆಯ್ತು ಅಂತ ನನಗಂತೂ ಅನ್ನಿಸಲಿಲ್ಲ.

ಹೋದದ್ದು ನಾನು, ಯುಕೆಜಿ ಮಗಳು, ಮೂರು ವರ್ಷದ ಮಗ, ಜೊತೆಗೆ ಮಾವ. ಬೆಳಗ್ಗೆ ಬಸ್ಸು, ಮೆಜೆಸ್ಟಿಕ್ಕಿನಲ್ಲಿ ಇಳಿದು ಕಬ್ಬನ್ ಪಾರ್ಕ್ ತನಕ ಮೆಟ್ರೋ, ಅಲ್ಲಿಂದ ನಡಿಗೆ. ಮೆಟ್ರೋ ಎಸ್ಕಲೇಟರ್ ನೋಡಿದ್ದೇ ಚಿಕ್ಕವನು ‘ಇದೇ ಸಾಕು, ಇಲ್ಲೇ ಇರೋಣ’ ಅಂತ ಕೂತುಬಿಟ್ಟ. ಅವನ ಮಾತಿನಲ್ಲೂ ನ್ಯಾಯ ಇತ್ತು ಬಿಡಿ.

ನಮಗೆ ಮುದ್ದೇನಹಳ್ಳಿ ತೀರಾ ಹತ್ತಿರ. ಸರ್ ಎಂ.ವಿ. ಹುಟ್ಟಿದ ಊರು. ಅಲ್ಲೂ ಮ್ಯೂಸಿಯಂ ಇದೆ, ಅವರು ಬಳಸಿದ ಸಾಮಾನುಗಳನ್ನು ಇಟ್ಟಿದ್ದಾರೆ. ದೊಡ್ಡವರಿಗೆ ಅದು ಚೆನ್ನ, ನನಗೆ ತುಂಬಾ ಇಷ್ಟ. ಆದರೆ ಮೂರು ವರ್ಷದ ಮಗು ಜೊತೆಗಿದ್ದರೆ ‘ಮುಟ್ಟಬೇಡ’ ಅಂತ ಹೇಳಿ ಹೇಳಿ ನಮ್ಮ ಗಂಟಲೇ ಕಟ್ಟುತ್ತೆ. ಬೆಂಗಳೂರಿನದ್ದು ಅವರ ಹೆಸರಲ್ಲೇ ಇರುವ ಮ್ಯೂಸಿಯಂ, ಆದರೆ ಇಲ್ಲಿ ಮುಟ್ಟದೇ ಇದ್ದರೆ ಏನೂ ನಡೆಯೋದೇ ಇಲ್ಲ. ಇದನ್ನು ನೆಹರೂ ಉದ್ಘಾಟಿಸಿದ್ದು 1962ರ ಜುಲೈ 14ರಂದು. ಸರ್ ಎಂ.ವಿ. ಅದೇ ವರ್ಷ ಏಪ್ರಿಲ್‌ನಲ್ಲಿ, ನೂರು ದಾಟಿದ ಮೇಲೆ, ತೀರಿಕೊಂಡಿದ್ದರು.

ಒಳಗೆ ಹೋದ ಮೇಲೆ ಸೊಟ್ಟ ಕನ್ನಡಿಗಳ ಮುಂದೆ ಸ್ವಲ್ಪ ನಗು ಆಯಿತು. ಉಬ್ಬಿದ ಕನ್ನಡಿಯಲ್ಲಿ ಮಾವ ಕುಳ್ಳರಾದರು, ತಗ್ಗಿದ್ದರಲ್ಲಿ ದೂರ ನಿಂತಾಗ ತಲೆಕೆಳಗಾದರು. ಆಮೇಲೆ ಸಿಕ್ಕಿತು ಚೆಂಡು.

ಕೆಳಗಿನಿಂದ ಜೋರಾಗಿ ಗಾಳಿ ಬರುತ್ತೆ. ಅದರ ಮೇಲೆ ಒಂದು ಹಗುರ ಚೆಂಡು, ಯಾರೂ ಹಿಡಕೊಳ್ಳದೇ ಅಂತರದಲ್ಲಿ ನಡುಗುತ್ತಾ ನಿಂತಿರುತ್ತೆ. ಮಗಳು ಮೊದಲು ಅದರ ಕೆಳಗೆ ಕೈ ಹಾಕಿದಳು. ದೊಪ್ಪನೆ ಬಿತ್ತು. ಮತ್ತೆ ಇಟ್ಟಳು, ನಿಂತಿತು. ಪಕ್ಕಕ್ಕೆ ಮೆಲ್ಲಗೆ ತಳ್ಳಿದರೆ ಅದು ಹೋದ ಹಾಗೆ ಮಾಡಿ ವಾಪಸ್ ಬಂತು. ಅಷ್ಟೇ, ಆಟ ಶುರು. ತಳ್ಳೋದು, ಬರೋದು, ತಳ್ಳೋದು, ಬರೋದು. ಜಾಸ್ತಿ ಜೋರಾಗಿ ತಳ್ಳಿದರೆ ಓಡಿಹೋಗುತ್ತೆ, ಚಿಕ್ಕವನು ಅದನ್ನು ಹಿಡಕೊಂಡು ಬರೋದು, ಅವನಿಗೆ ಆ ಕೆಲಸವೇ ದೊಡ್ಡ ಹುದ್ದೆ. ನಾನು ಬಾಯಿ ತೆರೆದು ವಿವರಿಸೋಕೆ ಹೊರಟಿದ್ದೆ. ಗಾಳಿ ಚೆಂಡಿನ ಮೈಗೆ ಅಂಟಿಕೊಂಡ ಹಾಗೆ ಹರಿಯುತ್ತೆ, ಚೆಂಡು ಒಂದು ಪಕ್ಕಕ್ಕೆ ಜರುಗಿದಾಗ ಆ ಗಾಳಿ ಹೊರಕ್ಕೆ ಬಾಗುತ್ತೆ, ಗಾಳಿ ಹೊರಕ್ಕೆ ಹೋದರೆ ಅದಕ್ಕೆ ಎದುರಾಗಿ ಚೆಂಡು ಒಳಕ್ಕೆ ಬರುತ್ತೆ, ಅದಕ್ಕೇ ಅದು ತಪ್ಪಿಸಿಕೊಳ್ಳಲ್ಲ ಅಂತ. ‘ಅಮ್ಮ, ಸುಮ್ನಿರು’ ಅಂದಳು. ಸರಿ, ಸುಮ್ಮನಾದೆ. ಪಕ್ಕದಲ್ಲಿ ನಿಂತಿದ್ದ ಒಬ್ಬ ಅಪ್ಪ ತಮ್ಮ ಮಗನಿಗೆ ‘ಆಯ್ತಾ? ನೋಡಿದ್ಯಾ? ನಡಿ ನಡಿ, ಮೇಲೆ ಇನ್ನೂ ತುಂಬಾ ಇದೆ’ ಅಂತ ರಟ್ಟೆ ಹಿಡಿದು ಎಳಕೊಂಡು ಹೋದರು. ಹುಡುಗ ಹೋಗುತ್ತಾ ಹೋಗುತ್ತಾ ಹಿಂದಕ್ಕೇ ನೋಡುತ್ತಿದ್ದ.

ಅಷ್ಟರಲ್ಲಿ ಯಾವುದೋ ಶಾಲೆಯ ಮಕ್ಕಳು ಬಂದರು. ಎಲ್ಲರ ಕೈಯಲ್ಲಿ ನೋಟ್‌ಬುಕ್ಕು. ಮೇಷ್ಟ್ರು ಒಂದೇ ಸಮ ‘ಲೈನು, ಲೈನು’ ಅನ್ನುತ್ತಿದ್ದರು. ಮಕ್ಕಳು ಚೆಂಡಿನ ಕಡೆ ಕಣ್ಣೂ ಹಾಯಿಸದೆ ಪಕ್ಕದ ಬೋರ್ಡಿನಲ್ಲಿದ್ದದ್ದನ್ನು ಗಬಗಬ ಬರಕೊಂಡರು. ಸೋಮವಾರ ತೋರಿಸಬೇಕಂತೆ, ಮಾರ್ಕ್ಸ್ ಇದೆಯಂತೆ. ಒಬ್ಬಳು ಮಾತ್ರ ಬರೆಯೋದು ನಿಲ್ಲಿಸಿ ಕೈ ಚಾಚಿದಳು, ತಕ್ಷಣ ಬೈಸಿಕೊಂಡಳು. ನನಗೆ ನಿಜಕ್ಕೂ ಸಿಟ್ಟು ಬಂತು. ಬೋಸ್ಟನ್ನಿನ ಮಕ್ಕಳ ಮ್ಯೂಸಿಯಮ್ಮಿನಲ್ಲಿ 1960ರ ದಶಕದಲ್ಲಿ ಮೈಕಲ್ ಸ್ಪಾಕ್ ಅನ್ನುವವರು ಗಾಜಿನ ಪೆಟ್ಟಿಗೆಗಳನ್ನೆಲ್ಲ ತೆಗೆಸಿ ಮಕ್ಕಳ ಕೈಗೇ ಸಾಮಾನು ಕೊಟ್ಟರು. 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೋರಟೋರಿಯಂ ಅನ್ನೋ ಮುಟ್ಟಿ ನೋಡೋ ವಿಜ್ಞಾನ ಮ್ಯೂಸಿಯಂ ತೆರೆದ ಫ್ರಾಂಕ್ ಒಪೆನ್‌ಹೈಮರ್, ಅಣುಬಾಂಬಿನ ಒಪೆನ್‌ಹೈಮರ್ ಅವರ ತಮ್ಮ, ಹಳ್ಳಿಯ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. ಅಷ್ಟೆಲ್ಲ ಜನ ಸೇರಿ ಗಾಜು ತೆಗೆದರೆ ನಾವು ಅದರ ಮಧ್ಯೆ ನೋಟ್‌ಬುಕ್ ಇಟ್ಟಿದ್ದೇವೆ, ಅಲ್ವಾ?

ಮಾವನಿಗೆ ಸಿಕ್ಕಿದ್ದು ರಾಟೆ. ಒಂದೇ ಭಾರ, ಒಂದು ಕಡೆ ಒಂಟಿ ರಾಟೆ, ಇನ್ನೊಂದು ಕಡೆ ಜೋಡಿ ರಾಟೆ, ಎಳೆದು ನೋಡಿ ಅಂತ. ಅಲ್ಲಿಯ ತನಕ ಕೈ ಹಿಂದೆ ಕಟ್ಟಿಕೊಂಡು, ಮದುವೆಮನೆಗೆ ಬಂದ ದೂರದ ನೆಂಟರ ಹಾಗೆ ನಿಂತಿದ್ದವರು ಪಂಚೆ ಎತ್ತಿ ಕಟ್ಟಿ ಮುಂದೆ ಬಂದರು. ಮಗಳು ಒಂಟಿ ರಾಟೆಯ ಹಗ್ಗಕ್ಕೆ ಜೋತುಬಿದ್ದರೂ ಭಾರ ಏಳಲಿಲ್ಲ. ಜೋಡಿಯದ್ದು ಎದ್ದಿತು. ‘ಇದು ಹಗುರ ತಾತ’ ಅಂದಳು. ‘ಭಾರ ಅಷ್ಟೇ ಕಣೇ. ಹಗ್ಗ ಎಷ್ಟು ಎಳೆದೆ ನೋಡು’ ಅಂದರು. ಅವಳು ಮತ್ತೆ ಎಳೆದಳು, ಈ ಸಲ ಹಗ್ಗವನ್ನು ನೋಡುತ್ತಾ. ಕೈಗೆ ಎರಡು ಮೊಳ ಹಗ್ಗ ಬಂದರೆ ಭಾರ ಒಂದೇ ಮೊಳ ಮೇಲಕ್ಕೆ. ಶ್ರಮ ಅರ್ಧ, ಹಗ್ಗ ಎರಡರಷ್ಟು. ಪುಕ್ಸಟ್ಟೆ ಏನೂ ಸಿಗಲ್ಲ ಅಂತ ಮಾವ ನಕ್ಕರು. ಒಂಟಿ ರಾಟೆ ಭಾರ ಕಮ್ಮಿ ಮಾಡಲ್ಲ, ದಿಕ್ಕು ಮಾತ್ರ ತಿರುಗಿಸುತ್ತೆ, ಮೇಲಕ್ಕೆ ಎತ್ತೋದರ ಬದಲು ಕೆಳಕ್ಕೆ ಎಳೀಬಹುದು, ಆಗ ನಮ್ಮ ಮೈಭಾರವೂ ಜೊತೆಗೆ ದುಡಿಯುತ್ತೆ.

ಅಲ್ಲಿಂದ ಮಾತು ಕಪಿಲೆಗೆ ಹೋಯಿತು. ಬಾವಿಯಿಂದ ಎತ್ತುಗಳು ತೊಗಲಿನ ಚೀಲದಲ್ಲಿ ನೀರು ಸೇದುತ್ತಿದ್ದ ಕಾಲ. ಎತ್ತು ನಡೆಯೋ ದಾರಿಯನ್ನು ಇಳಿಜಾರಾಗಿ ಮಾಡ್ತಿದ್ದರು, ಯಾಕೆಂದರೆ ಇಳೀತಾ ಎಳೆದರೆ ಎತ್ತಿನ ತೂಕವೇ ಅರ್ಧ ಕೆಲಸ ಮಾಡುತ್ತೆ. ಚಿಕ್ಕವನು ‘ಬಾವಿ ಅಂದ್ರೆ?’ ಅಂತ ಕೇಳಿದ. ಅವನು ನೋಡಿರೋದು ಬೋರ್‌ವೆಲ್ ಮತ್ತು ಟ್ಯಾಂಕರ್ ಮಾತ್ರ. ನಮ್ಮ ಕಡೆ ಸಾವಿರ ಅಡಿ ಕೊರೆದರೂ ನೀರು ಸಿಗುತ್ತೆ ಅನ್ನೋ ಗ್ಯಾರಂಟಿ ಇಲ್ಲ, ತೆರೆದ ಬಾವಿಗಳು ಬತ್ತಿ ಕಸ ತುಂಬಿಕೊಂಡು ಯಾವ ಕಾಲವಾಯಿತೋ. ರಾಟೆ ತೋರಿಸೋಕೆ ರೈತನ ಮೊಮ್ಮಗನನ್ನು ಬೆಂಗಳೂರಿಗೆ ಕರಕೊಂಡು ಬರಬೇಕಾಯ್ತು ಅಂತ ಮಾವ ಹೇಳಿದರು, ಬೇಜಾರಿನಲ್ಲೇನೂ ಅಲ್ಲ.

ರೈಟ್ ಸಹೋದರರ ವಿಮಾನದ ಮಾದರಿ ಇದೆ, ಅಸಲಿನಷ್ಟೇ ದೊಡ್ಡದು. ಅಂದು ಅದನ್ನು ಓಡಿಸಿದವರು ಬೋರಲು ಮಲಗಿ ಓಡಿಸಿದ್ದು ಅಂದಾಗ ಇಬ್ಬರೂ ಅಲ್ಲೇ ನೆಲದ ಮೇಲೆ ಮಲಗಿ ತೋರಿಸಿದರು. 1903ರಲ್ಲಿ ಇದೇ ಡಿಸೆಂಬರ್ 14ಕ್ಕೆ ಮೊದಲ ಪ್ರಯತ್ನ ಕೈಕೊಟ್ಟಿತ್ತು. 17ಕ್ಕೆ ಹಾರಿತು, ಮೊದಲ ಹಾರಾಟ 12 ಸೆಕೆಂಡು, 120 ಅಡಿ. ‘ನಮ್ಮ ಬೀದಿಯಷ್ಟಾ?’ ಅಂದಳು. ಬೀದಿಗಿಂತ ಕಮ್ಮಿ.

ಮಧ್ಯಾಹ್ನದ ಹೊತ್ತಿಗೆ ಚಿಕ್ಕವನ ಕಣ್ಣು ಎಳೆಯತೊಡಗಿತು. ಹೊರಗೆ ಬಂದು ಕಬ್ಬನ್ ಪಾರ್ಕಿನಲ್ಲಿ ಬುತ್ತಿ ಬಿಚ್ಚಿ ಚಪಾತಿ, ಹುಚ್ಚೆಳ್ಳು ಚಟ್ನಿ ತಿಂದೆವು. ಬಾಹ್ಯಾಕಾಶದ ಗ್ಯಾಲರಿ, ಮೇಲಿನ ಮಹಡಿ ಎಲ್ಲಾ ಉಳಿಯಿತು. ಇರಲಿ. ಹೋಗೋರಿಗೆ ನನ್ನದೊಂದೇ ಮಾತು: ಬೆಳಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ, ಶಾಲೆ ಬಸ್ಸುಗಳು ಬರೋ ಮೊದಲು ಮಕ್ಕಳಿಗೆ ಒಂದೊಂದು ಹ್ಯಾಂಡಲ್ಲೂ ತೃಪ್ತಿಯಾಗುವಷ್ಟು ಸಿಗುತ್ತೆ.

ಮನೆಗೆ ಬಂದ ಮೇಲೆ ಹೇರ್ ಡ್ರೈಯರ್ ಮತ್ತು ಥರ್ಮಾಕೋಲ್ ಉಂಡೆ ಹಿಡಕೊಂಡು ಮಗಳು ಅಪ್ಪನಿಗೆ ಪಾಠ ಮಾಡಿದಳು. ಮಾವ ಅಟ್ಟದ ಮೇಲೆ ಹಳೇ ಕಬ್ಬಿಣದ ರಾಟೆ ಇರಬೇಕು ಅಂತ ಏಣಿ ಕೇಳಿದರು. ನಾಳೆ ಹಿತ್ತಲಿನ ನುಗ್ಗೆ ಮರಕ್ಕೆ ಕಟ್ಟಿ ಮಕ್ಕಳ ಕೈಲಿ ಬಿಂದಿಗೆ ಎಳೆಸಬೇಕಂತೆ. ನುಗ್ಗೆ ಕೊಂಬೆ ಪಟ್ಟಂತ ಮುರಿಯುತ್ತೆ ಅಂತ ನಮ್ಮತ್ತೆ, ಕಟ್ಟಿದರೆ ಹುಣಸೆ ಮರಕ್ಕೇ ಕಟ್ಟಿ ಅಂದಿದ್ದಾರೆ.